ಅಡಿಟಿಪ್ಪಣಿಗಳಿಲ್ಲದ ಸಂವಿಧಾನ: ಒಂದು ಜೇಬುಪ್ರತಿಯ ವಿಮರ್ಶೆ

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಎಂದರೆ ಈಗ ‘ಅರಿವು ಕೇಂದ್ರ’ ಎಂಬ ಹೊಸ ಫಲಕ ಹೊತ್ತಿರುವ ಎರಡು ಕೋಣೆಯ ಕಟ್ಟಡಕ್ಕೆ, ಭಾರತ ಸಂವಿಧಾನದ ಇಪ್ಪತ್ತೈದು ಕನ್ನಡ ಪ್ರತಿಗಳನ್ನು ಕೊಳ್ಳಬೇಕೆಂದು ತೀರ್ಮಾನವಾದಾಗ, ಯಾವ ಪ್ರತಿಯನ್ನು ಕೊಳ್ಳುವುದು ಸೂಕ್ತವೆಂದು ನೋಡಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನಿಗೆ ಇದೇನು ಮಹಾ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಮಾದರಿಗೆಂದು ತಂದ ಒಂದು ಪ್ರತಿಯನ್ನು, ಸರ್ಕಾರದ ಅಧಿಕೃತ ಇಂಗ್ಲಿಷ್ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು, ಎರಡು ತಿಂಗಳ ಕಾಲ ಮೊದಲ ಪುಟದಿಂದ ಕೊನೆಯ ಅನುಸೂಚಿಯವರೆಗೆ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರನ್ನು ಹೇಳುತ್ತಿಲ್ಲ. ಇವೇ ದೋಷಗಳನ್ನು ಬೇರೆ ಎರಡು ಅಗ್ಗದ ಪ್ರತಿಗಳಲ್ಲಿಯೂ ಕಂಡಿದ್ದರಿಂದ ಒಬ್ಬರನ್ನು ಮಾತ್ರ ಎಳೆದು ನಿಲ್ಲಿಸುವುದು ನ್ಯಾಯವಲ್ಲ. ಕುರುಹುಗಳು ಗೊತ್ತಿದ್ದರೆ ಓದುಗರು ತಮ್ಮ ಕೈಗೆ ಬಂದ ಯಾವ ಪ್ರತಿಯನ್ನಾದರೂ ತಾವೇ ಪರೀಕ್ಷಿಸಿಕೊಳ್ಳಬಹುದು.

ಈ ಸರಕಿಗೆ ಇಷ್ಟೊಂದು ಗಿರಾಕಿ ಹೇಗೆ ಹುಟ್ಟಿತೆಂಬುದನ್ನು ಮೊದಲು ಹೇಳಬೇಕು. ಹಿಂದೆಲ್ಲ ಸಂವಿಧಾನದ ಪ್ರತಿ ಕೇಳಿದರೆ ಅಂಗಡಿಯವರು ಕೆಎಎಸ್ ಪರೀಕ್ಷೆಯ ಪುಸ್ತಕಗಳ ಕಪಾಟಿನತ್ತ ಕೈ ತೋರಿಸುತ್ತಿದ್ದರು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಶಾಲಾ ಕಾಲೇಜುಗಳಲ್ಲಿ ಪೀಠಿಕೆಯ ಓದನ್ನು ಕಡ್ಡಾಯಗೊಳಿಸಲು ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಸಾಮೂಹಿಕ ವಾಚನ ನಡೆಯಿತು. 2024ರ ಜನವರಿ 26ರಿಂದ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಊರೂರು ಸುತ್ತಿದವು. ಅದರ ಬೆನ್ನಿಗೇ ಬಂದ ಲೋಕಸಭಾ ಚುನಾವಣೆಯಲ್ಲಿ ಕೆಂಪು ರಟ್ಟಿನ ಜೇಬುಪ್ರತಿಯೊಂದು ವೇದಿಕೆಯಿಂದ ವೇದಿಕೆಗೆ ಎತ್ತಿ ಹಿಡಿಯುವ ವಸ್ತುವಾಯಿತು. ಈಗ ನಮ್ಮ ಕಡೆ ಸನ್ಮಾನವೆಂದರೆ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಸಂವಿಧಾನ. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಚುನಾವಣೆಯ ಹೊತ್ತಿಗೆ ನಾಗಪುರದ ಸಮಾವೇಶವೊಂದರಲ್ಲಿ ಹಂಚಿದ ಕೆಂಪು ಪುಸ್ತಕದ ಒಳಗೆಲ್ಲ ಖಾಲಿ ಹಾಳೆಗಳೇ ಇದ್ದವೆಂದು ಬಿಜೆಪಿ ಆರೋಪಿಸಿತು. ಅದು ಟಿಪ್ಪಣಿ ಬರೆದುಕೊಳ್ಳಲು ಕೊಟ್ಟ ಪುಸ್ತಕವೆಂದು ಕಾಂಗ್ರೆಸ್ ಉತ್ತರಿಸಿತು. ಯಾರ ಮಾತು ಸರಿಯೆಂಬುದು ಈ ವಿಮರ್ಶೆಯ ವಿಷಯವಲ್ಲ. ಆದರೆ ರಟ್ಟನ್ನು ನೋಡಿ ಪುಸ್ತಕ ಕೊಳ್ಳುವ ಕಾಲ ಇದೆಂದು ಪ್ರಕಾಶಕರು ಚೆನ್ನಾಗಿ ಅರಿತಿದ್ದಾರೆ.

ರಟ್ಟಿನ ವಿಷಯದಲ್ಲಿ ದೂರಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಗಾತ್ರ, ಮೆತ್ತನೆಯ ರೆಕ್ಸಿನ್ ಹೊದಿಕೆ, ಹೊಂಬಣ್ಣದ ಅಕ್ಷರ, ಪುಟ ಗುರುತಿಗೆ ಒಂದು ರೇಷ್ಮೆ ದಾರ. ಬೆಲೆ 180 ರೂಪಾಯಿ. ಹೊಲಿಗೆಯಿಲ್ಲದೆ ಅಂಟಿನಿಂದಲೇ ಹಿಡಿದಿಟ್ಟ ಬೆನ್ನು ಮೂರನೆಯ ವಾರಕ್ಕೆ ಬಾಯಿ ಬಿಟ್ಟಿತು, ಒಂಬತ್ತನೆಯ ಅನುಸೂಚಿಯ ಎಂಟು ಹಾಳೆಗಳು ಕೈಗೆ ಬಂದವು. ಆರಂಭದ ಹನ್ನೊಂದು ಪುಟಗಳನ್ನು ಗಣ್ಯರ ಶುಭಾಶಯಗಳಿಗೂ ಅವರ ಭಾವಚಿತ್ರಗಳಿಗೂ ಮೀಸಲಿಟ್ಟಿದ್ದಾರೆ. ಆ ಹನ್ನೊಂದು ಪುಟಗಳ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ, ಏಕೆಂದರೆ ಜಾಗ ಉಳಿಸಲೆಂದು ಇವರು ಕಿತ್ತುಹಾಕಿದ್ದು ಅಡಿಟಿಪ್ಪಣಿಗಳನ್ನು.

ಕಾನೂನಿನ ಪುಸ್ತಕ ಓದಿ ಅಭ್ಯಾಸವಿಲ್ಲದವರಿಗೆ ಅಡಿಟಿಪ್ಪಣಿ ಎಂದರೆ ಪುಟದ ಕೆಳಗಿನ ಕಸ ಎನಿಸಬಹುದು. ಸಂವಿಧಾನದ ಮಟ್ಟಿಗೆ ಅದು ಹಾಗಲ್ಲ. 1949ರ ನವೆಂಬರ್ 26ರಂದು ಅಂಗೀಕಾರವಾದಾಗ 395 ವಿಧಿಗಳು ಮತ್ತು 8 ಅನುಸೂಚಿಗಳಿದ್ದ ಪಠ್ಯ 106 ತಿದ್ದುಪಡಿಗಳನ್ನು ಹಾದು ಬಂದಿದೆ. ಯಾವ ಪದ ಯಾವಾಗ ಒಳಗೆ ಬಂತು, ಯಾವುದು ಹೊರಗೆ ಹೋಯಿತು, ಅಚ್ಚಿನಲ್ಲಿದ್ದರೂ ಯಾವುದು ಸತ್ತಿದೆ ಎಂಬುದನ್ನೆಲ್ಲ ಹೇಳುವುದು ಆ ಸಣ್ಣ ಅಕ್ಷರದ ಸಾಲುಗಳೇ. ಸಂವಿಧಾನದ ಸುತ್ತ ಬೀದಿಯಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ, ಒಬ್ಬನ ಕೈಯಲ್ಲಿರುವ ಪ್ರತಿಗೆ ಅಡಿಟಿಪ್ಪಣಿ ಇಲ್ಲದ್ದರಿಂದಲೇ ಹುಟ್ಟುತ್ತವೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಈ ಪುಸ್ತಕ ಅದನ್ನು ಗಟ್ಟಿಮಾಡಿತು.

ಪೀಠಿಕೆಯಿಂದಲೇ ಆರಂಭಿಸೋಣ. ಈ ಪ್ರತಿಯಲ್ಲಿ ಪೀಠಿಕೆ ಎರಡು ಕಡೆ ಅಚ್ಚಾಗಿದೆ. ಒಳರಟ್ಟಿನ ಮೇಲೆ ಶಾಂತಿನಿಕೇತನದ ಕಲಾವಿದರು ಅಲಂಕರಿಸಿದ, ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ ಅವರು ಕೈಯಲ್ಲಿ ಬರೆದ ಮೂಲ ಪುಟದ ಚಿತ್ರವಿದೆ. ಆರು ಹಾಳೆ ದಾಟಿದರೆ ಕನ್ನಡ ಪೀಠಿಕೆಯಿದೆ. ಚಿತ್ರದಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳಿಗೆ ಸಮನಾದ ಇಂಗ್ಲಿಷ್ ಪದಗಳಿಲ್ಲ. ಕನ್ನಡದ ಪುಟದಲ್ಲಿ ಎರಡೂ ಇವೆ. ಯಾಕೆ ಹೀಗೆಂದು ಹೇಳುವ ಒಂದು ಸಾಲೂ ಇಲ್ಲ. ಅಧಿಕೃತ ಪ್ರತಿಯಲ್ಲಿ ಇದಕ್ಕೆ ಅಡಿಟಿಪ್ಪಣಿಯಿದೆ: 1976ರ ನಲವತ್ತೆರಡನೆಯ ತಿದ್ದುಪಡಿಯ 2ನೇ ಪ್ರಕರಣದ ಮೂಲಕ ಸೇರಿದ್ದು, 1977ರ ಜನವರಿ 3ರಿಂದ ಜಾರಿಗೆ ಬಂದದ್ದು ಎಂದು. ಅದೇ ತಿದ್ದುಪಡಿ ‘ರಾಷ್ಟ್ರದ ಏಕತೆ’ ಎಂಬುದನ್ನು ‘ಏಕತೆ ಮತ್ತು ಅಖಂಡತೆ’ ಎಂದು ಮಾಡಿತು. ಆಶ್ಚರ್ಯವೆಂದರೆ ಈ ಮೂರನೆಯ ಸೇರ್ಪಡೆಯ ಬಗ್ಗೆ ಯಾರೂ ಜಗಳವಾಡಿದ್ದನ್ನು ನಾನು ಕೇಳಿಲ್ಲ.

2015ರ ಗಣರಾಜ್ಯೋತ್ಸವದ ಸರ್ಕಾರಿ ಜಾಹೀರಾತಿನಲ್ಲಿ ಮೂಲ ಪೀಠಿಕೆಯ ಚಿತ್ರ ಬಂದಾಗಲೂ, 2023ರ ಸೆಪ್ಟೆಂಬರ್‌ನಲ್ಲಿ ಹೊಸ ಸಂಸತ್ ಭವನದಲ್ಲಿ ಸದಸ್ಯರಿಗೆ ಹಂಚಿದ ಪ್ರತಿಗಳಲ್ಲಿ ಆ ಎರಡು ಪದಗಳಿಲ್ಲವೆಂದು ವಿರೋಧ ಪಕ್ಷದವರು ದೂರಿದಾಗಲೂ ಎದ್ದ ಗದ್ದಲದ ಮೂಲ ಇಲ್ಲಿಯೇ ಇದೆ. ‘ಇದು ಮೂಲ’ ಎಂದು ಒಬ್ಬರು, ‘ಇದು ಜಾರಿಯಲ್ಲಿರುವುದು’ ಎಂದು ಇನ್ನೊಬ್ಬರು. ಎರಡೂ ನಿಜ; ಎರಡನ್ನೂ ಬೆಸೆಯುವ ಸಾಲು ಪುಟದ ಕೆಳಗೆ ಇರಬೇಕಿತ್ತು. ಇದರ ಹಿಂದುಮುಂದಿನ ಕಥೆಯೂ ಸಣ್ಣದಲ್ಲ. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಈ ಪದಗಳನ್ನು ಮೊದಲ ವಿಧಿಗೇ ಸೇರಿಸಬೇಕೆಂದು ಸೂಚಿಸಿದ್ದರು. ಸಮಾಜ ಹೇಗೆ ಸಂಘಟಿತವಾಗಬೇಕೆಂಬುದನ್ನು ಆಯಾ ಕಾಲದ ಜನರೇ ನಿರ್ಧರಿಸಬೇಕು ಎಂದು ವಾದಿಸಿ ಅಂಬೇಡ್ಕರ್ ಅದನ್ನು ವಿರೋಧಿಸಿದರು, ಸೂಚನೆ ಬಿದ್ದುಹೋಯಿತು. ತುರ್ತುಪರಿಸ್ಥಿತಿಯ ನಡುವೆ ಪದಗಳು ಒಳಗೆ ಬಂದವು. 1978ರಲ್ಲಿ ಜನತಾ ಸರ್ಕಾರವು ಅವನ್ನು ತೆಗೆಯಲು ಹೋಗದೆ, ‘ಎಲ್ಲ ಧರ್ಮಗಳಿಗೂ ಸಮಾನ ಗೌರವವಿರುವ ಗಣರಾಜ್ಯ’ ಎಂಬ ಅರ್ಥವಿವರಣೆಯನ್ನು ಸೇರಿಸಲು ಪ್ರಯತ್ನಿಸಿತು, ರಾಜ್ಯಸಭೆ ಒಪ್ಪಲಿಲ್ಲ. 2024ರ ನವೆಂಬರ್ 25ರಂದು ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ನ್ಯಾಯಮೂರ್ತಿ ಸಂಜಯ್ ಕುಮಾರ್ ಅವರ ಪೀಠವು ಪದಗಳನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ವಜಾಗೊಳಿಸಿ, ಸಂವಿಧಾನವನ್ನು ತಿದ್ದುವ ಅಧಿಕಾರ ಪೀಠಿಕೆಗೂ ಅನ್ವಯಿಸುತ್ತದೆ ಎಂದಿತು. ಅಷ್ಟಾದರೂ 2025ರ ಜೂನ್‌ನಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಆರ್‌ಎಸ್‌ಎಸ್ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆ ಅವರು ಪದಗಳು ಉಳಿಯಬೇಕೇ ಎಂಬ ಚರ್ಚೆಯಾಗಲಿ ಎಂದಾಗ ವಿವಾದ ಮತ್ತೆ ಹೊತ್ತಿಕೊಂಡಿತು. ಓದುಗನು ಯಾವ ಪಕ್ಷದವನಾದರೂ ಆಗಲಿ, ಆ ಚರ್ಚೆಗೆ ಬೇಕಾದ ಕನಿಷ್ಠ ಮಾಹಿತಿ ಎರಡು ಸಾಲಿನದು, ಮತ್ತು ಅದನ್ನೇ ಈ ಪುಸ್ತಕ ಕೊಡುವುದಿಲ್ಲ.

ಅಷ್ಟೇ ಅಲ್ಲ, ಪದವನ್ನೂ ತಪ್ಪಾಗಿ ಅಚ್ಚು ಹಾಕಿದ್ದಾರೆ. ಜಾತಿ ಮತ್ತು ಅತೀತ ಸೇರಿದರೆ ಯಣ್ ಸಂಧಿಯಾಗಿ ‘ಜಾತ್ಯತೀತ’ ಆಗಬೇಕು. ಇಲ್ಲಿ ‘ಜಾತ್ಯಾತೀತ’ ಎಂದಿದೆ. ಗೋಡೆಬರಹಗಳಲ್ಲಿಯೂ ಪಕ್ಷದ ಬ್ಯಾನರುಗಳಲ್ಲಿಯೂ ಈ ದೀರ್ಘವನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ ನಿಜ, ಪೀಠಿಕೆಯಲ್ಲಿ ಮಾತ್ರ ಕ್ಷಮಿಸಲಾಗದು. ಪದದ ಆಯ್ಕೆಯೂ ಚರ್ಚೆಗೆ ಅರ್ಹವೇ. ಹಳ್ಳಿಯ ಮಾತಿನಲ್ಲಿ ‘ಜಾತಿ’ ಎಂದರೆ ಧರ್ಮವೂ ಹೌದು, ಕುಲವೂ ಹೌದು, ಹಾಗಾಗಿ ‘ಜಾತ್ಯತೀತ’ ಎಂಬುದು ಬಳಕೆಯಲ್ಲಿ ನಿಂತಿತು. ಆದರೆ ಅಕ್ಷರಶಃ ನೋಡಿದರೆ ಅದು ಬೇರೆಯದೇ ಅರ್ಥ ಕೊಡುತ್ತದೆ. ಹಿಂದಿಯ ಅಧಿಕೃತ ಪಠ್ಯ ‘ಪಂಥನಿರಪೇಕ್ಷ’ ಎನ್ನುತ್ತದೆ; ಕನ್ನಡದಲ್ಲಿ ‘ಧರ್ಮನಿರಪೇಕ್ಷ’, ‘ಸರ್ವಧರ್ಮ ಸಮಭಾವ’ ಎಂಬ ರೂಪಗಳೂ ಚಲಾವಣೆಯಲ್ಲಿವೆ. ಈ ಪುಸ್ತಕದ ಸಂಪಾದಕರು ಪೀಠಿಕೆಯಲ್ಲಿ ಒಂದನ್ನೂ 25ನೇ ವಿಧಿಯಲ್ಲಿ ಲೌಕಿಕ ಚಟುವಟಿಕೆಗಳ ಮಾತು ಬಂದಾಗ ಇನ್ನೊಂದನ್ನೂ ಬಳಸಿ, ಎರಡಕ್ಕೂ ಇಂಗ್ಲಿಷಿನಲ್ಲಿ ‘ಸೆಕ್ಯುಲರ್’ ಎಂಬ ಒಂದೇ ಪದವಿದೆಯೆಂಬ ಸುಳಿವನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ.

ಇನ್ನೂ ಗಂಭೀರವಾದದ್ದು 334ನೇ ವಿಧಿ. ನಮ್ಮೂರಿನ ಚಹಾದಂಗಡಿಯಲ್ಲಿ ಸಂವಿಧಾನದ ಬಗ್ಗೆ ನಡೆಯುವ ವಾದಗಳಲ್ಲಿ ತಪ್ಪದೆ ಬರುವ ಮಾತೊಂದಿದೆ: ‘ಅಂಬೇಡ್ಕರ್ ಅವರೇ ಮೀಸಲಾತಿಯನ್ನು ಹತ್ತು ವರ್ಷಕ್ಕೆ ಮಾತ್ರ ಕೊಟ್ಟಿದ್ದರು.’ ಹತ್ತು ವರ್ಷವೆಂಬ ಮಿತಿ ಇದ್ದದ್ದು 334ನೇ ವಿಧಿಯಲ್ಲಿ, ಮತ್ತು ಅದು ಲೋಕಸಭೆ ಹಾಗೂ ವಿಧಾನಸಭೆಗಳ ಮೀಸಲು ಸ್ಥಾನಗಳಿಗೆ ಸಂಬಂಧಿಸಿದ್ದು. ಉದ್ಯೋಗದ ಮೀಸಲಾತಿಗೆ ಅವಕಾಶ ಕೊಡುವ 16(4)ರಲ್ಲಾಗಲಿ, ಕಾಲೇಜು ಪ್ರವೇಶದ ಮೀಸಲಾತಿಯನ್ನು ಅಸಿಂಧುಗೊಳಿಸಿದ ಚಂಪಕಂ ದೊರೈರಾಜನ್ ತೀರ್ಪಿನ ನಂತರ 1951ರ ಮೊದಲನೆಯ ತಿದ್ದುಪಡಿಯಲ್ಲಿ ಸೇರಿದ 15(4)ರಲ್ಲಾಗಲಿ ಇಂಥ ಗಡುವಿಲ್ಲ. ಅಧಿಕೃತ ಪ್ರತಿಯ ಅಡಿಟಿಪ್ಪಣಿಯನ್ನು ಹಿಡಿದು ಹೋದರೆ ಆ ವಿಧಿಯ ಇತಿಹಾಸ ಕಾಣುತ್ತದೆ. ಹತ್ತು ವರ್ಷವೆಂದಿದ್ದುದು ಎಂಟನೆಯ ತಿದ್ದುಪಡಿಯಲ್ಲಿ ಇಪ್ಪತ್ತಾಯಿತು, ಇಪ್ಪತ್ತಮೂರನೆಯದರಲ್ಲಿ ಮೂವತ್ತು, ನಲವತ್ತೈದನೆಯದರಲ್ಲಿ ನಲವತ್ತು, ಅರವತ್ತೆರಡನೆಯದರಲ್ಲಿ ಐವತ್ತು, ಎಪ್ಪತ್ತೊಂಬತ್ತನೆಯದರಲ್ಲಿ ಅರವತ್ತು, ತೊಂಬತ್ತೈದನೆಯದರಲ್ಲಿ ಎಪ್ಪತ್ತು, ಕೊನೆಗೆ 104ನೆಯದರಲ್ಲಿ ಎಂಬತ್ತು.

ಮುಖಪುಟದಲ್ಲಿ ‘ಇತ್ತೀಚಿನ ಎಲ್ಲ ತಿದ್ದುಪಡಿಗಳೊಂದಿಗೆ’ ಎಂದು ಹೊಂಬಣ್ಣದಲ್ಲಿ ಘೋಷಿಸಿರುವ ಈ ಪ್ರತಿ ನಿಂತಿರುವುದು ಬಾಂಗ್ಲಾದೇಶದ ಗಡಿ ಒಪ್ಪಂದಕ್ಕೆ ಸಂಬಂಧಿಸಿದ 2015ರ ನೂರನೆಯ ತಿದ್ದುಪಡಿಯಲ್ಲಿ. ಹಾಗಾಗಿ ಇದರ 334ನೇ ವಿಧಿ ‘ಎಪ್ಪತ್ತು ವರ್ಷಗಳು’ ಎನ್ನುತ್ತದೆ. 1950ರಿಂದ ಲೆಕ್ಕ ಹಾಕಿದರೆ 2020ರ ಜನವರಿಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಕ್ಷೇತ್ರಗಳು ಮುಗಿದುಹೋದವು ಎಂದರ್ಥ! ಈ ಪುಸ್ತಕವನ್ನು ನಂಬಿದ ಹುಡುಗನೊಬ್ಬ ನಾಳೆ ಭಾಷಣ ಸ್ಪರ್ಧೆಯಲ್ಲಿ ಹಾಗೆಯೇ ಹೇಳಿದರೆ ತಪ್ಪು ಅವನದಲ್ಲ. ಜಿಎಸ್‌ಟಿಯ 246ಎ ಮತ್ತು 279ಎ ಇಲ್ಲ. ಆರ್ಥಿಕವಾಗಿ ದುರ್ಬಲರಾದವರಿಗೆ ಶೇ 10ರಷ್ಟು ಮೀಸಲಾತಿಗೆ ದಾರಿ ಮಾಡಿದ 15(6), 16(6) ಇಲ್ಲ. ಮಹಿಳಾ ಮೀಸಲಾತಿಯ 330ಎ, 332ಎ ಇಲ್ಲ. ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನ ಮಾತ್ರ ಕಾಲ ನಿಂತಂತೆ ಹಾಗೆಯೇ ಇದೆ. ಇವೆಲ್ಲ ಹತ್ತು ಪುಟಗಳಲ್ಲಿ ಮುಗಿಯುವ ಸಂಗತಿಗಳು. ಶುಭಾಶಯಕ್ಕೆ ಹನ್ನೊಂದು ಪುಟಗಳಿದ್ದವು.

ಇಡೀ ಪುಸ್ತಕದಲ್ಲಿ ಅತ್ಯಂತ ಅಪಾಯಕಾರಿಯಾದ ಪುಟ ಯಾವುದೆಂದು ಕೇಳಿದರೆ ನಾನು 368ನೇ ವಿಧಿಯ ಪುಟವನ್ನು ತೆರೆದು ತೋರಿಸುತ್ತೇನೆ. ಸಂವಿಧಾನವನ್ನು ತಿದ್ದುವ ಕ್ರಮವನ್ನು ಹೇಳುವ ಈ ವಿಧಿಯ ನಾಲ್ಕನೆಯ ಖಂಡವು, ಯಾವ ತಿದ್ದುಪಡಿಯನ್ನೂ ಯಾವ ಕಾರಣದ ಮೇಲೂ ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸತಕ್ಕದ್ದಲ್ಲ ಎನ್ನುತ್ತದೆ. ಐದನೆಯ ಖಂಡವು, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಯಾವುದೇ ಮಿತಿ ಇರತಕ್ಕದ್ದಲ್ಲ ಎಂದು ಸಂಶಯ ನಿವಾರಣೆಗಾಗಿ ಘೋಷಿಸುತ್ತದೆ. ಕನ್ನಡ ಅನುವಾದವೂ ಇಲ್ಲಿ ಚೊಕ್ಕವಾಗಿದೆ, ಗೊಂದಲವೇ ಇಲ್ಲ. ತೊಂದರೆಯಿರುವುದು ಒಂದೇ: ಈ ಎರಡು ಖಂಡಗಳಿಗೆ 1980ರಿಂದ ಜೀವವಿಲ್ಲ.

ನಲವತ್ತೆರಡನೆಯ ತಿದ್ದುಪಡಿಯ 55ನೇ ಪ್ರಕರಣದ ಮೂಲಕ ಬಂದ ಇವನ್ನು ಸುಪ್ರೀಂ ಕೋರ್ಟ್ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಅಸಿಂಧುವೆಂದು ಸಾರಿತು. ಆ ಮಿಲ್ಲು ನಮ್ಮ ಬೆಂಗಳೂರಿನದು. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡು, 1974ರ ಕಾಯ್ದೆಯ ಮೂಲಕ ರಾಷ್ಟ್ರೀಕರಿಸಿತ್ತು. ಬಟ್ಟೆ ಗಿರಣಿಯ ಆ ವ್ಯಾಜ್ಯ ಬೆಳೆಯುತ್ತಾ ಹೋಗಿ, ಸಂಸತ್ತು ತನಗೆ ತಾನೇ ಮಿತಿಯಿಲ್ಲದ ಅಧಿಕಾರವನ್ನು ಕೊಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯಾಗಿ ನಿಂತಿತು. ಸಾಧ್ಯವಿಲ್ಲ, ಮಿತವಾದ ತಿದ್ದುಪಡಿ ಅಧಿಕಾರವೇ ಸಂವಿಧಾನದ ಮೂಲ ಲಕ್ಷಣಗಳಲ್ಲೊಂದು ಎಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ನೇತೃತ್ವದ ಐವರ ಪೀಠ ಹೇಳಿತು. ಅದಕ್ಕೆ ಏಳು ವರ್ಷ ಮೊದಲು, 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ್ದ ದಾವೆಯಲ್ಲಿ ಹದಿಮೂರು ನ್ಯಾಯಮೂರ್ತಿಗಳು 68 ದಿನಗಳ ವಾದವನ್ನು ಆಲಿಸಿ, ಏಳಕ್ಕೆ ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದಿದ್ದರು. ಕನ್ನಡ ಮಾತನಾಡುವ ಒಂದು ಮಠ, ಬೆಂಗಳೂರಿನ ಒಂದು ಗಿರಣಿ. ಇವೆರಡರ ನಡುವೆ ನಿಂತಿರುವ ತತ್ತ್ವದ ಹೆಸರು ಸಂವಿಧಾನದ ಯಾವ ವಿಧಿಯಲ್ಲಿಯೂ ಇಲ್ಲ. ಅದರ ಬಾಲ ಕಾಣುವುದು 368ನೇ ವಿಧಿಯದರಂಥ ಅಡಿಟಿಪ್ಪಣಿಗಳಲ್ಲಿ.

ರದ್ದಾದದ್ದನ್ನು ಇನ್ನೂ ಏಕೆ ಅಚ್ಚು ಹಾಕುತ್ತಾರೆ ಎಂದು ಕೇಳುವವರಿದ್ದಾರೆ. ನ್ಯಾಯಾಲಯ ಒಂದು ಖಂಡವನ್ನು ಅಸಿಂಧುವೆನ್ನಬಹುದು, ಪಠ್ಯದಿಂದ ಅಳಿಸಿಹಾಕುವ ಕೆಲಸ ಅದರದ್ದಲ್ಲ. ಅದಕ್ಕೆ ಇನ್ನೊಂದು ತಿದ್ದುಪಡಿ ಬೇಕು. ಆದ್ದರಿಂದ ಅಧಿಕೃತ ಪ್ರತಿಗಳು ಪದಗಳನ್ನು ಹಾಗೆಯೇ ಉಳಿಸಿ, ಕೆಳಗೆ ‘ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಅಸಿಂಧುವೆಂದು ಘೋಷಿತವಾಗಿದೆ’ ಎಂದು ಬರೆಯುತ್ತವೆ. ನ್ಯಾಯಾಧೀಶರ ನೇಮಕಾತಿ ಆಯೋಗದ 124ಎ ವಿಧಿಯ ಕಥೆಯೂ ಇದೇ. 2015ರ ಅಕ್ಟೋಬರ್ 16ರಂದು ರದ್ದಾಯಿತು, ಪುಟದಲ್ಲಿ ಮಾತ್ರ ಉಳಿದಿದೆ. ನಮ್ಮ ಜೇಬುಪ್ರತಿಯ ಪ್ರಕಾರ ಆ ಆಯೋಗ ಇವತ್ತಿಗೂ ಕೆಲಸ ಮಾಡುತ್ತಿದೆ, ಸಂಸತ್ತಿಗೆ ಯಾವ ಮಿತಿಯೂ ಇಲ್ಲ. 2017ರ ಡಿಸೆಂಬರ್‌ನಲ್ಲಿ ಅಂದಿನ ಕೇಂದ್ರ ಸಚಿವ ಅನಂತಕುಮಾರ್ ಹೆಗಡೆ ಅವರು ಕೊಪ್ಪಳ ಜಿಲ್ಲೆಯ ಸಭೆಯಲ್ಲಿ ಸಂವಿಧಾನ ಬದಲಾಯಿಸುವ ಮಾತಾಡಿ ಲೋಕಸಭೆಯಲ್ಲಿ ಕ್ಷಮೆ ಕೇಳಬೇಕಾಗಿ ಬಂದದ್ದು, 2024ರ ಚುನಾವಣೆಗೆ ಮುನ್ನ ಮತ್ತೆ ಅಂಥದೇ ಮಾತಿನಿಂದ ಪಕ್ಷ ಅಂತರ ಕಾಯ್ದುಕೊಂಡದ್ದು ನೆನಪಿರಬಹುದು. ‘ಬದಲಾಯಿಸಬಹುದೇ’ ಎಂಬ ಆ ಪ್ರಶ್ನೆಗೆ ಉತ್ತರ ಹುಡುಕಲು ಈ ಪುಸ್ತಕ ತೆರೆದವನಿಗೆ ಸಿಗುವುದು ನಲವತ್ತೈದು ವರ್ಷ ಹಿಂದೆಯೇ ಬಿದ್ದುಹೋದ ಉತ್ತರ.

ನ್ಯಾಯಾಲಯದ ಪ್ರಶ್ನೆಯಿಂದ ಕಾಪಾಡಲೆಂದು ಕಾಯ್ದೆಗಳನ್ನು ಪಟ್ಟಿಮಾಡಿಟ್ಟ ಒಂಬತ್ತನೆಯ ಅನುಸೂಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದುರಿದ ಹಾಳೆಗಳಲ್ಲಿ 1961ರ ಮೈಸೂರು ಭೂಸುಧಾರಣಾ ಕಾಯ್ದೆಯ ಹೆಸರಿರುವ ಹಾಳೆಯೂ ಇತ್ತು. ಅದನ್ನು ಜೋಡಿಸುವಾಗ, ಗೋಲಕನಾಥ ಪ್ರಕರಣದಲ್ಲಿ ಪಂಜಾಬಿನ ಕಾಯ್ದೆಯ ಜೊತೆಗೆ ಇದನ್ನೂ ಪ್ರಶ್ನಿಸಿದ್ದರಲ್ಲವೇ ಎಂದು ನೆನೆದುಕೊಂಡೆ.

ಅನುವಾದದ ಗುಣಮಟ್ಟ ಒಂದೇ ಸಮನಾಗಿಲ್ಲ. ‘ವಿಧಿ’ ಮತ್ತು ‘ಅನುಚ್ಛೇದ’ ಎರಡೂ ಬೆರೆತಿವೆ, ಅಷ್ಟನ್ನು ಸಹಿಸಬಹುದು. ‘ರಾಜ್ಯ’ ಎಂಬ ಪದದ ಬಳಕೆಯನ್ನು ಸಹಿಸುವುದು ಕಷ್ಟ. ಮೂಲಭೂತ ಹಕ್ಕುಗಳ ಮೂರನೆಯ ಭಾಗದಲ್ಲಿ ‘ರಾಜ್ಯವು ಯಾವನೇ ವ್ಯಕ್ತಿಗೆ ಕಾನೂನಿನ ಮುಂದೆ ಸಮಾನತೆಯನ್ನು ನಿರಾಕರಿಸತಕ್ಕದ್ದಲ್ಲ’ ಎಂಬ ವಾಕ್ಯ ಬರುತ್ತದೆ. 12ನೇ ವಿಧಿಯ ಪ್ರಕಾರ ಇಲ್ಲಿನ ‘ರಾಜ್ಯ’ದಲ್ಲಿ ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರ, ವಿಧಾನಮಂಡಲ, ಪಂಚಾಯಿತಿಯಂಥ ಸ್ಥಳೀಯ ಪ್ರಾಧಿಕಾರಗಳೆಲ್ಲ ಸೇರುತ್ತವೆ. ಕರ್ನಾಟಕ, ಕೇರಳ ಮುಂತಾದವಕ್ಕೂ ಇದೇ ಪುಸ್ತಕದಲ್ಲಿ ‘ರಾಜ್ಯ’ವೇ. ಗ್ರಂಥಾಲಯದಲ್ಲಿ ಕುಳಿತು ನನ್ನ ಜೊತೆ ಓದುತ್ತಿದ್ದ ಪಿಯು ವಿದ್ಯಾರ್ಥಿಯೊಬ್ಬ, ‘ಹಾಗಾದರೆ ಕೇಂದ್ರ ಸರ್ಕಾರ ನಿರಾಕರಿಸಬಹುದಾ ಸಾರ್?’ ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ‘ಪ್ರಭುತ್ವ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಅದು ಬೇಡವೆಂದರೆ ದಪ್ಪಕ್ಷರದಲ್ಲಿ ಅಚ್ಚು ಮಾಡಿ ಬೇರ್ಪಡಿಸಬಹುದಿತ್ತು.

200ನೇ ವಿಧಿಯಲ್ಲಿ ತಪ್ಪು ಇನ್ನೂ ಸೂಕ್ಷ್ಮವಾದದ್ದು. ವಿಧಾನಮಂಡಲ ಒಪ್ಪಿದ ಮಸೂದೆ ರಾಜ್ಯಪಾಲರ ಮುಂದೆ ಬಂದಾಗ ಅವರು ಅಂಕಿತ ಹಾಕಬಹುದು, ತಡೆಹಿಡಿಯಬಹುದು ಅಥವಾ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಬಹುದು. ಹಣಕಾಸಿನದಲ್ಲದ ಮಸೂದೆಯನ್ನು ‘ಸಾಧ್ಯವಾದಷ್ಟು ಬೇಗನೆ’ ಹಿಂದಿರುಗಿಸಬಹುದು ಎಂದು ಪರಂತುಕ, ಎಂದರೆ ವಿಧಿಗೆ ಸೇರಿಸಿದ ಷರತ್ತು, ಹೇಳುತ್ತದೆ. ಈ ಪ್ರತಿಯ ಪರಂತುಕದಲ್ಲಿ ‘ಸಾಧ್ಯವಾದಷ್ಟು ಬೇಗನೆ’ ಎಂಬ ಎರಡು ಪದಗಳೇ ಇಲ್ಲ. ಬಹುಶಃ ಬೆರಳಚ್ಚಿನಲ್ಲಿ ಬಿಟ್ಟುಹೋಗಿರಬೇಕು. ಆದರೆ ಆ ಎರಡು ಪದಗಳ ಮೇಲೆಯೇ ದೇಶದಲ್ಲಿ ದೊಡ್ಡ ವಾಗ್ವಾದ ನಡೆದಿದೆ. 2025ರ ಏಪ್ರಿಲ್ 8ರಂದು ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ರಾಜ್ಯಪಾಲರಿಗೂ ರಾಷ್ಟ್ರಪತಿಯವರಿಗೂ ಕಾಲಮಿತಿ ನಿಗದಿಪಡಿಸಿತು. ಮೇ ತಿಂಗಳಲ್ಲಿ ರಾಷ್ಟ್ರಪತಿಯವರು ಹದಿನಾಲ್ಕು ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿನ ಸಲಹೆಗೆ ಕಳಿಸಿದರು. ನವೆಂಬರ್ 20ರಂದು ಐವರ ಪೀಠವು, ನ್ಯಾಯಾಲಯ ಗಡುವು ವಿಧಿಸಲಾಗದು, ಅಂಕಿತ ದೊರೆತಿದೆಯೆಂದು ಭಾವಿಸಿಕೊಳ್ಳುವ ಪದ್ಧತಿಗೂ ಅವಕಾಶವಿಲ್ಲ, ಆದರೆ ಕಾರಣವಿಲ್ಲದ ದೀರ್ಘ ನಿಷ್ಕ್ರಿಯತೆಯ ಸಂದರ್ಭದಲ್ಲಿ ಸೀಮಿತ ನಿರ್ದೇಶನ ಕೊಡಬಹುದು ಎಂದು ಅಭಿಪ್ರಾಯಪಟ್ಟಿತು. ಸಾರ್ವಜನಿಕ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ 4ರಷ್ಟು ಮೀಸಲಾತಿ ನೀಡುವ ಕರ್ನಾಟಕದ ಮಸೂದೆಯನ್ನು ಅದೇ ವರ್ಷ ನಮ್ಮ ರಾಜ್ಯಪಾಲರು ರಾಷ್ಟ್ರಪತಿಯವರಿಗೆ ಕಾಯ್ದಿರಿಸಿದ್ದು ಇದೇ ವಿಧಿಯ ಅಡಿಯಲ್ಲಿ. ಇಷ್ಟೆಲ್ಲದರ ನಡುವೆ ಆ ಪದಗಳಿಲ್ಲದ ಪರಂತುಕವನ್ನು ಓದಿದವನಿಗೆ ವಿವಾದ ಯಾವುದರ ಬಗ್ಗೆ ಎಂಬುದೇ ತಿಳಿಯುವುದಿಲ್ಲ.

ಅಡಿಟಿಪ್ಪಣಿ ಇದ್ದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ 356ನೇ ವಿಧಿಯನ್ನು ತೆಗೆದುಕೊಳ್ಳಿ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ಶಾಸಕರ ಪತ್ರಗಳ ಆಧಾರದ ಮೇಲೆ ವಜಾಗೊಳಿಸಿದ್ದರಿಂದ ಹುಟ್ಟಿದ ಪ್ರಕರಣದಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ಬಹುಮತದ ಪರೀಕ್ಷೆ ಸದನದೊಳಗೇ ನಡೆಯಬೇಕೆಂದರು. ಆ ತೀರ್ಪಿನ ಸುಳಿವು ಅಧಿಕೃತ ಪ್ರತಿಯ ಅಡಿಟಿಪ್ಪಣಿಯಲ್ಲಿಯೂ ಇಲ್ಲ, ಏಕೆಂದರೆ ಅದು ಪಠ್ಯದ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಅಂಥದ್ದಕ್ಕೆ ಒಳ್ಳೆಯ ಮುನ್ನುಡಿ ಬೇಕು.

ಮೆಚ್ಚಬೇಕಾದದ್ದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೂಲಭೂತ ಹಕ್ಕುಗಳ ಭಾಗದ ಅಕ್ಷರಗಳು ದಪ್ಪವಾಗಿದ್ದು, ವಯಸ್ಸಾದವರೂ ಕನ್ನಡಕದ ಸಹಾಯದಿಂದ ಓದಬಹುದು. ‘ತಕ್ಕದ್ದು’ ಎಂಬ ನಮ್ಮ ಹಳೆಯ ಕಾನೂನುಗನ್ನಡದ ರೂಪವನ್ನು ಬಿಡದೆ ಉಳಿಸಿಕೊಂಡಿದ್ದಾರೆ. ‘ಮಾಡಬೇಕು’ ಎಂದರೆ ಬುದ್ಧಿವಾದದಂತೆ ಕೇಳಿಸುವ ಕಡೆ ‘ಮಾಡತಕ್ಕದ್ದು’ ಎಂಬುದು ಆಜ್ಞೆಯಾಗಿಯೇ ಕೇಳಿಸುತ್ತದೆ. ಅಸ್ಪೃಶ್ಯತೆಯನ್ನು ನಿಷೇಧಿಸುವ ಹದಿನೇಳನೇ ವಿಧಿಯ ಅನುವಾದವನ್ನು ಗಟ್ಟಿಯಾಗಿ ಓದಿದಾಗ ಗ್ರಂಥಾಲಯದಲ್ಲಿ ಪತ್ರಿಕೆ ಹಿಡಿದಿದ್ದವರು ತಲೆಯೆತ್ತಿದರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂಬಂಧಿಸಿದ 371ಜೆ ಪೂರ್ಣವಾಗಿದೆ, ಮತ್ತು ಹೆಸರು ಬದಲಾದ ಮೇಲೂ ಪಠ್ಯದಲ್ಲಿರುವಂತೆ ‘ಹೈದರಾಬಾದ್-ಕರ್ನಾಟಕ’ ಎಂದೇ ಉಳಿಸಿರುವುದು ಸರಿಯಾದ ನಿರ್ಧಾರ. ಕೊನೆಯ ಪದಸೂಚಿಯೂ ಉಪಯುಕ್ತವೇ, ಅದರಲ್ಲಿ ‘ರಾಜ್ಯಪಾಲ’ದ ಪುಟಸಂಖ್ಯೆಗಳು ಎರಡೆರಡು ಪುಟ ಹಿಂದೆ ಬಿದ್ದಿವೆ ಎಂಬುದನ್ನು ಬಿಟ್ಟರೆ.

ಹಾಗಾದರೆ ಯಾರು ಕೊಳ್ಳಬಹುದು? ಸನ್ಮಾನಕ್ಕೆ ಕೊಡುವವರಿಗೆ ಧಾರಾಳವಾಗಿ ಸಾಕು. ಪೀಠಿಕೆಯನ್ನೂ ಮೂರನೆಯ ಭಾಗವನ್ನೂ ಮೊದಲ ಬಾರಿಗೆ ಕನ್ನಡದಲ್ಲಿ ಓದಬಯಸುವವರಿಗೆ, ಮೇಲೆ ಹೇಳಿದ ಎಚ್ಚರಿಕೆಗಳೊಂದಿಗೆ, ನಡೆಯುತ್ತದೆ. ಪರೀಕ್ಷೆಗೆ ಓದುವವರು, ವಾದಕ್ಕೆ ನಿಲ್ಲುವವರು, ಗ್ರಂಥಾಲಯಕ್ಕೆ ತರಿಸುವವರು ಕೊಳ್ಳಬಾರದು. ಕೇಂದ್ರದ ಶಾಸಕಾಂಗ ಇಲಾಖೆಯ ಜಾಲತಾಣದಲ್ಲಿ ಅಡಿಟಿಪ್ಪಣಿಗಳೆಲ್ಲ ಇರುವ ಹಿಂದಿ-ಇಂಗ್ಲಿಷ್ ಪಠ್ಯ ಉಚಿತವಾಗಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ನಿಂತು ಅರ್ಧ ನಿಮಿಷದಲ್ಲಿ ಯಾವುದೇ ಪ್ರತಿಯನ್ನು ಪರೀಕ್ಷಿಸಬೇಕೆಂದರೆ ಪೀಠಿಕೆಯ ಪುಟದ ಕೆಳಭಾಗವನ್ನೂ, 334ರಲ್ಲಿ ಎಪ್ಪತ್ತಿದೆಯೋ ಎಂಬತ್ತಿದೆಯೋ ಎಂಬುದನ್ನೂ, 368(5)ರ ಕೆಳಗೆ ಮಿನರ್ವ ಮಿಲ್ಸ್ ಹೆಸರಿದೆಯೋ ಎಂಬುದನ್ನೂ ನೋಡಿ. ಈ ಮೂರರಲ್ಲಿ ನಮ್ಮ ಪ್ರತಿ ಒಂದರಲ್ಲಿಯೂ ಗೆಲ್ಲಲಿಲ್ಲ.

ದೋಷಗಳ ಪಟ್ಟಿಯನ್ನು ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಿ ಆರು ವಾರವಾಯಿತು, ಉತ್ತರ ಬಂದಿಲ್ಲ. ಇಪ್ಪತ್ತೈದು ಪ್ರತಿಗಳ ಖರೀದಿಯನ್ನು ತಡೆಹಿಡಿಯಲು ಸಮಿತಿಗೆ ಬರೆದುಕೊಟ್ಟಿದ್ದೇನೆ. ಮಾದರಿಗೆ ತಂದ ಒಂದು ಪ್ರತಿ ಗ್ರಂಥಾಲಯದಲ್ಲಿಯೇ ಇದೆ. ಅದರಲ್ಲಿ ಬಿಟ್ಟುಹೋದ ಅಡಿಟಿಪ್ಪಣಿಗಳನ್ನು ಆ ಪಿಯು ಹುಡುಗನೂ ನಾನೂ ಸಂಜೆಯ ಹೊತ್ತು ಸೀಸದಕಡ್ಡಿಯಿಂದ ಬರೆಯುತ್ತಿದ್ದೇವೆ, ಐದನೆಯ ಭಾಗದವರೆಗೆ ಮುಗಿದಿದೆ. ಪುಟಗಳ ಅಂಚು ತೀರ ಕಿರಿದು. 368ನೇ ವಿಧಿಯನ್ನು ಮಾತ್ರ ಸರದಿಗೆ ಕಾಯದೆ ಮೊದಲೇ ತೆಗೆದುಕೊಂಡು, ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇವೆ.